ಮುಡಿ ಇಳಿಸದ ವರ್ಷ

ನೀರು ಏರುವ ಹೊತ್ತಿನಲ್ಲಿ ಆ ಕಥೆ ಹೇಳಬಾರದು ಎನ್ನುವುದು ನನಗೆ ಗೊತ್ತಾದದ್ದು ಬ್ರಹ್ಮಾವರದಿಂದ ಹೊರಟು, ಕುಂದಾಪುರದಲ್ಲಿ ಬಸ್ಸು ಬದಲಿಸಿ, ಚಪ್ಪಲಿ ಹೂತುಹೋಗುವ ಹೊಯ್ಗೆಯಲ್ಲಿ ನಡೆದು, ಹೊಳೆಬದಿಯ ಆ ಮನೆಯ ಜಗಲಿಯಲ್ಲಿ ಕೂತು ರೆಕಾರ್ಡರ್ ಒತ್ತಿದ ಮೇಲೆ. ಅಜ್ಜಿ ನನ್ನ ಯಂತ್ರದ ಕಡೆ ನೋಡಲೇ ಇಲ್ಲ. ಹೊಳೆಯ ಕಡೆ ನೋಡಿದರು.

"ಹ್ವಾಯ್ ಟೀಚ್ರೆ, ಈಗ ಭರ್ತ. ನೀರ್ ಏರ್ತಾ ಇತ್ತ್ ಕಾಣಿ. ಈಗ ಆ ಕಥಿ ಹೇಳುಕಾಗ. ಇಳ್ತಕ್ಕೆ ಬನ್ನಿ."

"ಇಳ್ತ ಯಾವಾಗ ದೊಡ್ಡಮ್ಮ?"

"ನೀರ್ ಇಳ್ದಾಗ."

ನಾನು ಟೀಚರ್ ಅಲ್ಲ. ಹೆಗಲಿಗೆ ಚೀಲ ಹಾಕಿಕೊಂಡು ಬಂದು ಪ್ರಶ್ನೆ ಕೇಳುವ ಹೆಂಗಸು ನಮ್ಮ ಕಡೆ ಒಂದೋ ಟೀಚರ್, ಇಲ್ಲವಾದರೆ ಜನಗಣತಿಯವಳು. ನನ್ನ ಕೆಲಸ ಬ್ರಹ್ಮಾವರ, ಕುಂದಾಪುರ, ಬೈಂದೂರು ತಾಲೂಕುಗಳ ಹಳಬರಿಂದ ಕಥೆ, ಐತಿಹ್ಯ, ಕಟ್ಟಳೆಗಳನ್ನು ಧ್ವನಿಮುದ್ರಿಸಿ ಒಂದು ಕಾಲೇಜಿನ ಜಾನಪದ ಸಂಗ್ರಹಕ್ಕೆ ಸೇರಿಸುವುದು. ಕೆಲಸ ಗುತ್ತಿಗೆಯದು, ಆದರೂ ಮಾಡುವಷ್ಟು ದಿನ ಅಚ್ಚುಕಟ್ಟಾಗಿ ಮಾಡಿದ್ದೇನೆ ಎಂಬ ಹೆಮ್ಮೆ ನನಗಿತ್ತು. ಈಗ ಬರೆಯುತ್ತಿರುವುದು ಆ ಹೆಮ್ಮೆ ಇಳಿದುಹೋದ ಕೆಲಸದ ವಿಷಯ. ಊರಿನ ಹೆಸರು ಹೇಳುವುದಿಲ್ಲ. ಬೈಂದೂರಿಗೂ ಕುಂದಾಪುರಕ್ಕೂ ನಡುವೆ, ಹೊಳೆ ಸಮುದ್ರ ಸೇರುವುದಕ್ಕೆ ತುಸು ಮೊದಲು ಬರುವ ಊರು ಎಂದರೆ ಸಾಕು.

ಅಲ್ಲಿ ಹೊಳೆಯ ನಡುವೆ ಒಂದು ಕುದ್ರು ಇದೆ. ತೆಂಗಿನ ಮರಗಳಿರುವ ಪುಟ್ಟ ದ್ವೀಪ. ಅದರಲ್ಲಿ ಕಡವಿನಮ್ಮನ ಗುಡಿ. ಕಡವು ಎಂದರೆ ದೋಣಿ ದಾಟಿಸುವ ಜಾಗ. ಗುಡಿಯ ಜೀರ್ಣೋದ್ಧಾರ ಶುರುವಾಗಿತ್ತು, ಕುದ್ರುವಿಗೆ ಕಾಂಕ್ರೀಟ್ ಸೇತುವೆ ಬರುತ್ತಿತ್ತು, ಕೆಲಸ ಮುಗಿದಾಗ ನಡೆಯುವ ಬ್ರಹ್ಮಕಲಶದ ಉತ್ಸವಕ್ಕೆ ಸ್ಮರಣ ಸಂಚಿಕೆ ತರುವುದೆಂದು ಸಮಿತಿ ತೀರ್ಮಾನಿಸಿತ್ತು. ಸಮಿತಿಯ ಅಧ್ಯಕ್ಷರೇ ಕಾಲೇಜಿಗೆ ಬಂದು ನನ್ನನ್ನು ಕರೆದದ್ದು. "ನಮ್ ಅಮ್ಮನ ಕಥಿ ಒಂದ್ ಸಮ ಬರ್ದ್ ಕೊಡಿ ಟೀಚ್ರೆ. ನಮ್ ಮಕ್ಳಿಗೆ ಎಂತದೂ ಗೊತ್ತಿಲ್ಲೆ" ಎಂದರು. ಮಾತು ಕೊಟ್ಟು ಮಾತು ತಗೊಂಡೆವು. ಧ್ವನಿಮುದ್ರಣ ಸಂಗ್ರಹಕ್ಕೆ, ಬರಹ ಸಂಚಿಕೆಗೆ.

ಅಧ್ಯಕ್ಷರು ಆ ಊರಿನ ದೊಡ್ಡಮನೆಯ ಯಜಮಾನರು. ಇದು ಮುಖ್ಯ. ಯಾಕೆಂದರೆ ಕಡವಿನಮ್ಮನ ವಾರ್ಷಿಕ ಸೇವೆಯ ದಿನ ದೊಡ್ಡಮನೆಯ ಯಜಮಾನ ಮಾಡಬೇಕಾದ ಒಂದು ಕಟ್ಟಳೆ ಇದೆ. ಆತ ಬೈಹುಲ್ಲಿನಲ್ಲಿ ಕಟ್ಟಿದ ಅಕ್ಕಿಮುಡಿಯನ್ನು ತಲೆಯ ಮೇಲೆ ಹೊತ್ತು ಬರಿಗಾಲಲ್ಲಿ ಹೊಳೆಬದಿಗೆ ಬರಬೇಕು. ಅಲ್ಲಿ ಹಿಂದೆ ದೋಣಿ ನಡೆಸುತ್ತಿದ್ದ ಕಡವಿನ ಮನೆಯ ಹಿರಿಯ ಹೆಂಗಸು ಕಾದು ನಿಂತಿರುತ್ತಾಳೆ. ಯಜಮಾನ ಮುಡಿಯನ್ನು ಅವಳ ಎದುರು ಹೊಯ್ಗೆಯ ಮೇಲೆ ಇಳಿಸಬೇಕು. ಆಗ ಅವಳು, "ಮುಡಿ ಇಳ್ಸ್ದ್ಯಲ, ಇನ್ ಹತ್ತ್" ಎನ್ನಬೇಕು. ಆಮೇಲೆಯೇ ಆತ ದೋಣಿ ಹತ್ತಿ ಕುದ್ರುವಿಗೆ ಹೋಗುವುದು. ಮುಡಿ ದಡದಲ್ಲೇ ಉಳಿಯುತ್ತದೆ, ಅದರ ಅಕ್ಕಿಯಲ್ಲಿ ಹೊಳೆಬದಿಯ ಮನೆಗಳವರು ಅನ್ನ ಮಾಡಿ ಬಂದವರಿಗೆಲ್ಲ ಬಡಿಸುತ್ತಾರೆ. ವರ್ಷವಿಡೀ 'ಒಡೆಯಾ' ಎಂದು ಕರೆಸಿಕೊಂಡವನನ್ನು ಒಂದು ದಿನ ಏಕವಚನದಲ್ಲಿ ಕರೆಯುವ ಹಕ್ಕು ಕಡವಿನ ಮನೆಯ ಹೆಂಗಸಿನದು. ಅತ್ತೆಯಿಂದ ಸೊಸೆಗೆ ಬರುವ ಹಕ್ಕು ಅದು, ಕಥೆ ಕಲಿತ ಸೊಸೆಗೆ ಮಾತ್ರ.

ನಾನು ಹೋದಾಗ ಜಗಲಿಯಲ್ಲಿ ಕೂತಿದ್ದ ಅಜ್ಜಿಯೇ ಆ ಹಿರಿಯ ಹೆಂಗಸು. ಮಗ ಮೀನುಗಾರಿಕೆಯ ಬೋಟಿನಲ್ಲಿ ಕೆಲಸಕ್ಕೆ ಹೋದರೆ ವಾರಗಟ್ಟಲೆ ಮನೆಗೆ ಬರುತ್ತಿರಲಿಲ್ಲ. ಸೊಸೆ ಗೇರುಬೀಜದ ಕಾರ್ಖಾನೆಗೆ ಹೋಗುತ್ತಿದ್ದಳು. ಓದು ಮುಗಿಸಿದ ಒಬ್ಬ ಮೊಮ್ಮಗಳು, ಅವಳಿಗೆ ಗಂಡು ನೋಡುತ್ತಿದ್ದರು. ಸೊಸೆ ಆಗಲೇ ಒಂದೆರಡು ಸೇವೆಯಲ್ಲಿ ಅತ್ತೆಯ ಹಿಂದೆ ನಿಂತು ಮಾತು ಕೇಳಿಸಿಕೊಂಡಿದ್ದಳು. "ನಾ ಹ್ವಾದ್ ಮೇಲೆ ಇವ್ಳೇ ಹೇಳುದ್" ಎಂದು ಅಜ್ಜಿ ಹೇಳುವಾಗ ಆಕೆ ನಾಚಿಕೊಂಡು ಒಳಗೆ ಹೋದದ್ದು ನನಗೆ ನೆನಪಿದೆ.

ಇನ್ನು ನನ್ನ ಪಾಡು. ಬಂದರಿನ ಉಬ್ಬರವಿಳಿತದ ವೇಳಾಪಟ್ಟಿ ಮೊಬೈಲಿನಲ್ಲಿ ಸಿಗುತ್ತದೆ. ಅದನ್ನು ನೋಡಿ, ಬಸ್ಸಿನ ಸಮಯ ಹೊಂದಿಸಿ, ಜಂಬದಿಂದ ಹೋದೆ. ನೀರು ಏರುತ್ತಲೇ ಇತ್ತು. ಸಮುದ್ರದ ಬಾಯಲ್ಲಿ ಇಳಿತ ಶುರುವಾದರೂ ಹೊಳೆಯ ಒಳಗೆ ಅದು ತಲುಪುವುದು ತಡವಾಗಿ ಎಂಬುದು ನನ್ನ ತಲೆಗೆ ಹೊಳೆದಿರಲಿಲ್ಲ. ಹುಟ್ಟಿದಂದಿನಿಂದ ಹೊಳೆ ನೋಡಿದವಳು, ಮೊಬೈಲ್ ನೋಡಿ ಹೊಳೆಗೆ ಹೋದೆ! ಅಜ್ಜಿ ಚಾ ಕೊಟ್ಟು ಕಳಿಸಿದರು. ಮುಂದಿನ ಸಲ ಇಳಿತ ಸಿಕ್ಕಿತು, ಗಾಳಿ ಬಿಡಲಿಲ್ಲ. ಮಧ್ಯಾಹ್ನದ ಮೇಲೆ ಸಮುದ್ರದಿಂದ ಬೀಸುವ ಗಾಳಿಗೆ ಮೈಕಿನ ಸ್ಪಂಜು ಯಾವ ಲೆಕ್ಕ? ಮನೆಗೆ ಹೋಗಿ ಕೇಳಿದರೆ ಅಜ್ಜಿಯ ಸ್ವರ ಎಲ್ಲೋ ದೂರದಲ್ಲಿ, ಗಾಳಿಯದೇ ದರ್ಬಾರು. ಮನೆಯೊಳಗೆ ಹೇಳಿ ಎಂದರೆ ಅವರು ಒಪ್ಪಲಿಲ್ಲ. ಈ ಕಥೆಯನ್ನು ನೀರು ಕಾಣುವಲ್ಲಿ ನಿಂತೇ ಹೇಳಬೇಕು.

ಕೊನೆಗೆ ಮಗುಚಿ ಹಾಕಿದ್ದ ಹಳೆಯ ದೋಣಿಯೊಂದರ ಮರೆಯಲ್ಲಿ ಅವರನ್ನು ನಿಲ್ಲಿಸಿದೆ. ಮೈಕಿಗೆ ಸ್ಪಂಜಿನ ಮೇಲೆ ಉಣ್ಣೆಯ ಕಾಲುಚೀಲ ಹಾಕಿ, ಅವರ ಸೆರಗಿನ ಒಳಬದಿಗೆ ಸಿಕ್ಕಿಸಿದೆ. ಬೆಳಗ್ಗೆ ಗಾಳಿ ಏಳುವ ಮೊದಲು ಇಳಿತ ಬೀಳುವ ದಿನಗಳನ್ನು ಅಜ್ಜಿಯನ್ನೇ ಕೇಳಿ ಗೊತ್ತುಮಾಡಿಕೊಂಡೆ. ಹಾಗೆ ಬಿಟ್ಟು ಬಿಟ್ಟು ಹಲವು ಬೆಳಗ್ಗೆಗಳಲ್ಲಿ ಕಥೆ ಪೂರ್ತಿಯಾಯಿತು. ನೀರು ತಿರುಗಿದ ಕೂಡಲೇ, ಅರ್ಧ ವಾಕ್ಯದಲ್ಲಿದ್ದರೂ ಅವರು ಬಾಯಿ ಮುಚ್ಚುತ್ತಿದ್ದರು.

ಕಥೆ ಇಷ್ಟು. ನೆರೆ ಬಂದ ಒಂದು ದಿನ ದೋಣಿಯವನಿಗೆ ಜ್ವರ. ಅವನ ಮಗಳು ಹುಟ್ಟು ಹಿಡಿದಳು. ದೊಡ್ಡಮನೆಯ ಯಜಮಾನ ಒಕ್ಕಲುಗಳಿಂದ ಎತ್ತಿದ ಗೇಣಿ ಅಕ್ಕಿಯ ಮುಡಿಗಳನ್ನು ಆಳುಗಳ ತಲೆಯ ಮೇಲೆ ಹೊರಿಸಿಕೊಂಡು ಬಂದ. ಮುಡಿ ಇಳಿಸಿ, ಮೊದಲು ಜನ ಹತ್ತಿ, ಎರಡು ಸಲ ದಾಟಿಸುತ್ತೇನೆ ಎಂದಳು ಹುಡುಗಿ. ಯಜಮಾನ ಕೇಳಲಿಲ್ಲ. ನಡುಹೊಳೆಯಲ್ಲಿ ದೋಣಿ ಮಗುಚಿತು. ಹುಡುಗಿ ಒಬ್ಬೊಬ್ಬರನ್ನೇ ಜುಟ್ಟು ಹಿಡಿದು ದಡಕ್ಕೆ ಎಳೆದು ಹಾಕಿದಳು, ಯಜಮಾನನನ್ನೂ. ಇಲ್ಲಿಂದ ಅಜ್ಜಿಯ ಮಾತಿನಲ್ಲೇ ಕೇಳಿ: "ಜನ ಎಲ್ಲ ಬಂದ್ರ್. ಬಂದ್ ಆದ್ ಮೇಲೆ ಅವ ಅಂದ, ಮುಡಿ ತೇಲ್ಕಂಡ್ ಹೋತಾ ಇತ್ತಲೆ ಹೆಣೆ, ಅಂದ. ಅಷ್ಟೇ ಅಂದದ್. ಹೆಣ್ಣ್ ತಿರ್ಗಿ ಹಾರ್ತ್. ಮುಡಿ ದಡಕ್ಕ್ ಬಂತ್. ಹೆಣ್ಣ್ ಬರ್ಲ."

ಅಷ್ಟಾದ ಮೇಲೆ ಯಂತ್ರದಲ್ಲಿ ನೀರಿನ ಸದ್ದು ಮಾತ್ರ ಇದೆ. ಅವಳು ಹೋದ ಜಾಗದಲ್ಲಿ ಹೊಯ್ಗೆ ಸೇರಿ ಕುದ್ರು ಎದ್ದಿತು, ಅವಳೇ ಕಡವಿನಮ್ಮನಾಗಿ ಅಲ್ಲಿ ನೆಲೆಯಾದಳು, ದೊಡ್ಡಮನೆಯಲ್ಲಿ ಸಾವುನೋವು ಕಂಡಿತು, ಮುಡಿ ಇಳಿಸುವ ಕಟ್ಟಳೆ ಹುಟ್ಟಿತು.

ಒಂದೇ ಬಾಯಿಂದ ಕೇಳಿದ್ದನ್ನು ನಾವು ಹಾಗೆಯೇ ಬರೆಯುವುದಿಲ್ಲ. ಕೆಲವು ವಾರ ಬಿಟ್ಟು ಅಜ್ಜಿಯಿಂದ ಮತ್ತೆ ಹೇಳಿಸಿದೆ. ಒಂದೆರಡು ಮಾತು ಬಿಟ್ಟರೆ ಎಲ್ಲ ಅದೇ. ಸೇವೆಯ ದಿನ ಅಮ್ಮನ ಆವೇಶ ಬರುವ ಪಾತ್ರಿಯೂ ಅದನ್ನೇ ಹೇಳಿದರು. ಅಧ್ಯಕ್ಷರನ್ನು ಕೇಳಿದರೆ, "ಹಾಂ, ನಮ್ ಹಿರಿಯರದ್ದೇ ತಪ್ಪಂಬ್ರ್" ಎಂದರು. ಮುಡಿ ತೇಲಿದ ಮಾತನ್ನು ಮಾತ್ರ ಅವರು ಎತ್ತಲಿಲ್ಲ. ಗೊತ್ತಿಲ್ಲವೇನೋ ಎಂದುಕೊಂಡೆ. ಗೊತ್ತಿತ್ತು.

ನಾನು ಬರಹ ಕೊಟ್ಟೆ. ಕಡವಿನಮ್ಮನ ಕಥೆ, ಜೊತೆಗೆ ಆ ಮಳೆಗಾಲವಿಡೀ ಸುತ್ತಿ ತಂದ ಹೊಳೆಬದಿಯ ಇತರ ಐತಿಹ್ಯಗಳು. ಅಧ್ಯಕ್ಷರು ಓದಿ ಫೋನು ಮಾಡಿದರು. "ಭಾರೀ ಲಾಯ್ಕಾಯ್ತ್ ಟೀಚ್ರೆ. ಒಂಚೂರ್ ಮಾತ್ರ, ಆ ಮುಡಿ ವಿಷ್ಯ, ಪ್ರಶ್ನೆಯಂಗೆ ಕೇಂಡ್ಕಂಡ್ ಹಾಕುವ, ಆಯ್ತಾ?"

ಜೀರ್ಣೋದ್ಧಾರಕ್ಕೆ ಮೊದಲು ಅಷ್ಟಮಂಗಲ ಪ್ರಶ್ನೆ ಇಡುವುದು ನಮ್ಮಲ್ಲಿ ವಾಡಿಕೆ. ದೂರದಿಂದ ದೈವಜ್ಞರು ಬಂದು, ಕವಡೆ ಹಾಕಿ ಸ್ಥಳದ ಹಿಂದಿನದನ್ನೂ ದೋಷವನ್ನೂ ಹೇಳುತ್ತಾರೆ. ಇಲ್ಲಿ ಕಲ್ಲು ಕಟ್ಟಡದ ಕೆಲಸ ಅರ್ಧವಾದ ಮೇಲೆ ಪ್ರಶ್ನೆ ಇಟ್ಟರು. ರೆಕಾರ್ಡರ್ ಬೇಡ ಎಂದರು, ಚೀಲದಲ್ಲಿಟ್ಟು ಹಿಂದಿನ ಸಾಲಿನಲ್ಲಿ ಕೂತೆ. ಪಕ್ಕದಲ್ಲಿ ಅಜ್ಜಿ, ಆಚೆ ಸೊಸೆ. ದೈವಜ್ಞರು ಮೃದು ಸ್ವರದ ಮನುಷ್ಯ. ಧಾನ್ಯದ ಹೊರೆಯೊಂದು ಕಾಣುತ್ತದೆ, ದೇವಿಗೆ ಸಲ್ಲಬೇಕಾದದ್ದು ಹೊಯ್ಗೆಯಲ್ಲಿ ಬಿದ್ದಿದೆ ಎಂದರು. ಸಭೆ ಬೆರಗಾಯಿತು. ಆಮೇಲೆ ಒಂದೊಂದಾಗಿ ಬಂತು. ಇಲ್ಲಿ ಮುಳುಗಿದ ಹುಡುಗಿಯ ಕಥೆ ಸರಿಯಲ್ಲ, ದೇವಿ ಮುಳುಗುವವಳಲ್ಲ. ದೊಡ್ಡಮನೆಯ ಮೂಲಪುರುಷ ಘಟ್ಟದ ಮೇಲಿನಿಂದ ಅಕ್ಕಿಯ ಮುಡಿ ಹೊತ್ತು ಬರುವಾಗ ಅದರೊಳಗೆ ಬಂದು ನೆಲೆಯಾದ ಶಕ್ತಿ ಅವಳು. ಮುಡಿಯನ್ನು ದಾರಿಯಲ್ಲಿ ಇಳಿಸಿದ್ದೇ ಅಪಚಾರ. ಇನ್ನೂ ಒಂದು ಇತ್ತು. ಹೊಳೆಬದಿಯ ಒಂದು ಮನೆಯಿಂದ ದೇವಿಯ ಭಕ್ತನಿಗೆ ಹಗುರ ಮಾತು ಬರುತ್ತಿದೆ, ಆ ಮನೆಯ ಕನ್ಯೆಗೆ ಕಂಕಣಭಾಗ್ಯ ತಡೆದಿರುವುದು ಅದಕ್ಕೇ ಎಂದರು.

ಕಡವಿನ ಮನೆಯ ಹುಡುಗಿಗೆ ಸಂಬಂಧ ಕೂಡಿಬರುತ್ತಿಲ್ಲ ಎಂಬುದು ಊರಿಗೆಲ್ಲ ಗೊತ್ತಿತ್ತು. ಅದು ಕವಡೆಗೂ ಗೊತ್ತಾಯಿತು. ಸಭೆಯ ತಲೆಗಳೆಲ್ಲ ಹಿಂದಕ್ಕೆ ತಿರುಗಿದವು. ಸೊಸೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಎದ್ದು ಹೋದಳು. ಅಜ್ಜಿ ಕೂತೇ ಇದ್ದರು.

ಹೊರಗೆ ಬಂದ ಮೇಲೆ ನಾನು ಸಿಟ್ಟಿನಲ್ಲಿ ಏನೇನೋ ಅಂದೆ. ಅವರು, "ಅವ್ರ್ ಕವಡಿ, ಅವ್ರ್ ಬಾಯಿ. ನೀವೆಂತಕೆ ಬೊಬ್ಬಿ ಹಾಕ್ತ್ರಿ?" ಎಂದರು.

ಬರಹ ತಿದ್ದಿಸಿಕೊಂಡು ಬಂತು. ಯಾರು ತಿದ್ದಿದರೋ. ನನ್ನ ವಾಕ್ಯಗಳೇ, ಕಥೆ ದೈವಜ್ಞರದು, ಕೆಳಗೆ 'ಸಂಗ್ರಹ' ಎಂದು ನನ್ನ ಹೆಸರು. ಕಡವಿನಮ್ಮನ ಹೆಸರಿಗೆ ಹಿಂದೆ ಶ್ರೀ, ಮುಂದೆ ಪರಮೇಶ್ವರಿ ಸೇರಿದ್ದವು. ನಾನು ನೇರವಾಗಿ ದೊಡ್ಡಮನೆಗೆ ಹೋದೆ. ಅಧ್ಯಕ್ಷರು ಚಾವಡಿಯಲ್ಲಿ ಒಬ್ಬರೇ ಇದ್ದರು. ಜಗಳಕ್ಕೆ ಸಿದ್ಧವಾಗಿ ಹೋದವಳಿಗೆ ಅವರು ಜಗಳ ಕೊಡಲಿಲ್ಲ.

"ಟೀಚ್ರೆ, ನೀವ್ ಒಂದ್ಸಲ ಆ ಮುಡಿ ಹೊತ್ಕಂಡ್ ಬಂದ್ ಕಾಣಿ. ಊರಿನವ್ರೆಲ್ಲ ಮೊಬೈಲ್ ಹಿಡ್ಕಂಡ್ ನಿಂತಿರ್ತ್ರ್. ಹ್ವಾದ್ ವರ್ಷ ನನ್ ಅಳಿಯ ಬೊಂಬಾಯಂಗೆ ವಿಡಿಯೊ ಕಂಡ್ ಕೇಂಡ, ಮಾವ, ನಿಮ್ಗ್ ಹತ್ತ್ ಅಂದದ್ ಯಾರ್ ಅದ್, ಅಂದೇಳಿ. ಎಂತ ಹೇಳುದ್ ನಾನ್?"

"ಇದ್ದದ್ದನ್ನೇ ಹೇಳ್ಕ್. ಆ ಮಾತ್ ಕೇಂಬುಕೇ ಅಲ್ದಾ ಆ ಕಟ್ಟಳೆ ಇಪ್ಪುದ್?"

"ಯಾವ ಅಜ್ಜನೋ ಮಾಡದ್ದಕ್ಕೆ ನಾನ್ ಎಷ್ಟ್ ವರ್ಷ ತಲಿ ತಗ್ಸ್ಕ್? ಭೂಮಿ ಎಲ್ಲ ಡಿಕ್ಲರೇಶನ್ನಂಗೆ ಒಕ್ಕಲಿಗೆ ಹೋಯ್ತ್. ಮುಡಿ ಒಂದ್ ಉಳೀತ್ ನಮ್ಗೆ."

ಆ ಮಾತಿನಲ್ಲಿ ಸುಳ್ಳಿರಲಿಲ್ಲ. ಆದರೆ ತಲೆ ತಗ್ಗಿಸಲು ಇಷ್ಟವಿಲ್ಲದವನು ಇಷ್ಟವಿಲ್ಲ ಎಂದಿದ್ದರೆ ಆಗುತ್ತಿತ್ತು. ಮುಳುಗಿದವಳನ್ನೇ ಇಲ್ಲವಾಗಿಸಿ, ಅವಳ ಮನೆಯವರ ಮೇಲೆ ದೋಷ ಹೊರಿಸಬೇಕಿತ್ತೇ? ಹೊಳೆ ದಾಟಿದ ಮೇಲೆ ಅಂಬಿಗನ ಹಂಗಿಲ್ಲ ಎಂದು ಸುಮ್ಮನೆ ಹೇಳುತ್ತಾರೆಯೇ? ನನ್ನ ಹೆಸರು ತೆಗೆಯಿರಿ, ನನ್ನ ಬರಹಗಳನ್ನೆಲ್ಲ ವಾಪಸು ಕೊಡಿ ಎಂದೆ. ಉಳಿದ ಕಥೆಗಳಿಗೆ ಏನೂ ಆಗಿಲ್ಲವಲ್ಲ ಎಂದರು ಅವರು. ಎಲ್ಲವೂ ಬೇಡ ಎಂದೆ. ಬಸ್ಸಿನಲ್ಲಿ ಬರುವಾಗ ದೊಡ್ಡ ಕೆಲಸ ಮಾಡಿದೆ ಅನಿಸಿತ್ತು. ಸಾಸ್ತಾನದ ಟೋಲ್ ದಾಟುವಷ್ಟರಲ್ಲಿ ಆ ಉಬ್ಬು ಇಳಿಯಿತು. ಸಂಚಿಕೆ ಹೇಗೂ ಬರುತ್ತದೆ, ಹೊಸ ಕಥೆ ಅದರಲ್ಲಿ ಇರುತ್ತದೆ, ಹಳೆಯದು ಎಲ್ಲೂ ಇರುವುದಿಲ್ಲ. ನಾನು ಹಿಂದೆ ಸರಿದದ್ದು ಅವರಿಗೆ ಅನುಕೂಲವೇ ಆಯಿತು.

ಉಳಿದ ದಾರಿ ಒಂದೇ, ಕಾಲೇಜಿನ ಸಂಗ್ರಹ. ಅಜ್ಜಿಯ ಧ್ವನಿಯನ್ನು ಯಾರು ಬೇಕಾದರೂ ಕೇಳುವಂತೆ ಇಡುವುದಕ್ಕೆ ಅವರ ಒಪ್ಪಿಗೆ ಪಡೆಯಲು ಮತ್ತೆ ಹೋದೆ. ಮನೆಯಲ್ಲಿ ಅತ್ತೆ ಸೊಸೆ ಮಾತು ಬಿಟ್ಟು ದಿನಗಳಾಗಿದ್ದವು. ಅಜ್ಜಿ ನನ್ನನ್ನು ಮಗುಚಿದ ದೋಣಿಯ ಹತ್ತಿರ ಕರೆದುಕೊಂಡು ಹೋದರು.

"ಮೊಮ್ಮಗ್ಳ್ ಮೊನ್ನೆ ನಂಗ್ ಕೇಂಡ್ತ್, ಅಜ್ಜಿ, ನಿಂಗ್ ಆ ಮಾತ್ ದೊಡ್ದಾ, ನಾ ದೊಡ್ದಾ, ಅಂದೇಳಿ. ಎಂತ ಹೇಳುಕಾತ್ತ್? ಬಿಟ್ಟೆ ಟೀಚ್ರೆ. ಈ ಸಲ ನಾ ಹೇಳುದಿಲ್ಲೆ."

ನಾನು ಬಾಯಿ ತೆರೆಯುವ ಮೊದಲೇ ಅವರು ಮುಂದುವರಿಸಿದರು. "ನಾ ಇಪ್ಪತನ್ಕ ಅದನ್ ಹೊರ್ಗ್ ತೆಗಿಬೇಡಿ. ಸತ್ ಮೇಲೆ ಎಲ್ಲರೂ ಕೇಣ್ಲಿ. ಸುಳ್ಳಂದೇಳಿ ಮಾತ್ರ ಬರಿಬೇಡಿ ಆಯ್ತಾ. ನಂಗ್ ಅಷ್ಟ್ ಸಾಕ್."

ಅದನ್ನು ಧ್ವನಿಮುದ್ರಿಸಿಕೊಂಡೆ. ಹಾಗೆ ಮುಚ್ಚಿಡುವುದಕ್ಕೆ ನಮ್ಮಲ್ಲಿ ಅವಕಾಶವಿದೆ. ಹೇಳಿದವರ ಕಾಲಾನಂತರ ತೆರೆಯುವುದು ಎಂದು ಗುರುತು ಹಾಕಿ ಇಟ್ಟೆ.

ಬ್ರಹ್ಮಕಲಶಕ್ಕೆ ಹೊರೆಕಾಣಿಕೆ ಬಂತು. ಲಾರಿಗಳ ತುಂಬ ಅಕ್ಕಿ, ತೆಂಗಿನಕಾಯಿ, ಸೌತೆ, ಕುಂಬಳ. ಎಲ್ಲಕ್ಕಿಂತ ಮುಂದೆ ಚೆಂಡೆಯ ಗುಂಪು, ಅದರ ಹಿಂದೆ ತಲೆಯ ಮೇಲೆ ಮುಡಿ ಹೊತ್ತ ಅಧ್ಯಕ್ಷರು. ಹೊಸ ಸೇತುವೆಯ ಮೇಲೆ ನಡೆದು ಅವರು ಮುಡಿಯನ್ನು ಗರ್ಭಗುಡಿಯ ಬಾಗಿಲ ತನಕ ಹೊತ್ತುಕೊಂಡೇ ಹೋದರು. ಮುಹೂರ್ತ ನೋಡಿದ್ದರು, ನೀರು ನೋಡಿರಲಿಲ್ಲ. ಕೆಳಗೆ ಹೊಳೆ ತುಂಬಿ ಏರುತ್ತಿತ್ತು. ಅಜ್ಜಿ ದಡದಲ್ಲಿ, ಪ್ರತಿ ವರ್ಷ ನಿಲ್ಲುವ ಜಾಗದಲ್ಲೇ ನಿಂತಿದ್ದರು. ಬರಬೇಡಿ ಎಂದು ಅವರಿಗೆ ಯಾರೂ ಹೇಳಿರಲಿಲ್ಲ, ಬನ್ನಿ ಎಂದೂ ಹೇಳಿರಲಿಲ್ಲ. ಸೇತುವೆಯ ನಡುವೆ ಅಧ್ಯಕ್ಷರು ಒಮ್ಮೆ ಕೆಳಗೆ ನೋಡಿದ್ದು ನನಗೆ ಕಂಡಿತು. ಮೆರವಣಿಗೆ ದಾಟಿದ ಮೇಲೆ ಅಜ್ಜಿ ಮನೆಗೆ ಹೋದರು. ಊಟಕ್ಕೂ ಬರಲಿಲ್ಲ.

ಆ ಬೇಸಗೆ ಮುಗಿಯುವುದರೊಳಗೆ ಮೊಮ್ಮಗಳಿಗೆ ಸಂಬಂಧ ಕೂಡಿಬಂತು. ಒಳ್ಳೆಯ ಹುಡುಗ, ಒಳ್ಳೆಯ ಮನೆ. ನನಗೂ ಆಮಂತ್ರಣವಿತ್ತು, ಹೋಗಿದ್ದೆ. ಊಟದ ಪಂಕ್ತಿಯಲ್ಲಿ ಪಕ್ಕದವರು, "ಕಂಡ್ರ್ಯಾ? ಪ್ರಶ್ನೆಯಂಗೆ ಬಂದದ್ ಸುಳ್ಳಾತಾ?" ಎಂದರು. ಪಾಯಸ ಬಂತು, ಉಂಡೆ. ಮದುವೆಯೇ ಸಾಕ್ಷಿ ಹೇಳಿದ ಮೇಲೆ ನನ್ನ ರೆಕಾರ್ಡರ್ ಏನು ಹೇಳೀತು?

ಮುಂದಿನ ಮಳೆಗಾಲದಲ್ಲಿ ಅಜ್ಜಿ ತೀರಿಕೊಂಡರು. ಅವರ ಮಾತಿನಂತೆ ಧ್ವನಿಮುದ್ರಣದ ಬೀಗ ತೆಗೆಯಬೇಕಿತ್ತು. ಅದಕ್ಕೆ ಮೊದಲು ಮನೆಯವರಿಗೆ ಒಂದು ಪ್ರತಿ ಕೊಟ್ಟು, ಅವರು ಹೇಳುವುದನ್ನು ಬರೆದುಕೊಂಡು ಬರುವುದು ನಮ್ಮ ಕ್ರಮ. ಪೆನ್ ಡ್ರೈವಿನಲ್ಲಿ ಹಾಕಿಕೊಂಡು ಹೋದೆ. ಎಲ್ಲೋ ಮನಸ್ಸಿನಲ್ಲಿ ಒಂದು ಆಸೆಯೂ ಇತ್ತು. ಹುಡುಗಿಯ ಮದುವೆ ಆಗಿದೆ, ಇನ್ನು ಹೆದರಿಕೆ ಯಾತರದು? ಅತ್ತೆಯ ಸ್ವರ ಕೇಳಿದರೆ ಸೊಸೆ ಮುಂದಿನ ಸೇವೆಗೆ ದಡದಲ್ಲಿ ನಿಂತಾಳು.

ಸೊಸೆ ಚಾ ಕೊಟ್ಟಳು. ಪೆನ್ ಡ್ರೈವ್ ಮುಟ್ಟಲಿಲ್ಲ.

"ಅತ್ತೆಗೆ ಕಡಿಗ್ ಕಡಿಗೆ ತಲಿ ಸಮ ಇರ್ಲ ಟೀಚ್ರೆ."

"ಕಡಿಗೆ ಇರ್ಲಿಕ್ಕಿಲ್ಲೆ. ಈ ಕಥಿ ಹೇಳುವಾಗ ಸಮ ಇದ್ದಿರಲ್ದಾ?"

"ಇರ್ಲ."

"ನೀನೇ ಹಿಂದೆ ನಿಂತ್ಕಂಡ್ ಕೇಣ್ತಾ ಇದ್ದಿದ್ಯಲೆ."

ಆಕೆ ನನ್ನ ಮುಖವನ್ನೇ ನೋಡಿದಳು. "ಮಗ್ಳ್ ಬಸ್ರಿ. ಹೆರಿಗಿಗೆ ಇಲ್ಲಿಗೇ ಕರ್ಕಂಡ್ ಬಪ್ಪುದ್. ಅತ್ತೆಗೆ ತಲಿ ಸಮ ಇರ್ಲ, ಸುಮಾರ್ ವರ್ಷದಿಂದ ಇರ್ಲ. ಹಾಂಗೇ ಬರ್ಕಣಿ. ನಮ್ಮನೆಯಂಗೆ ಹಾಂಗಿಪ್ಪ ಕಥಿ ಇಲ್ಲೆ. ಇನ್ ಈ ಬದಿಗ್ ಬರ್ಬೇಡಿ, ಕೈ ಮುಗಿತೆ."

ನಿಜವಾಗಿಯೂ ಕೈ ಮುಗಿದಳು. ನನಗೆ ಅವಳ ಮೇಲೆ ಸಿಟ್ಟು ಬಂತು, ಬಸ್ಸು ಹತ್ತುವಷ್ಟರಲ್ಲಿ ಅದೂ ಬತ್ತಿತು. ಮಗಳ ಹೊಟ್ಟೆಯಲ್ಲಿ ಮಗುವಿರುವ ತಾಯಿಗೆ ನಾನು ಜಾನಪದದ ಬೆಲೆ ಹೇಳಲೇ?

ನಮ್ಮ ಸಂಗ್ರಹದಲ್ಲಿ ಒಂದು ನಿಯಮವಿದೆ. ಹೇಳಿದವರ ಬಗ್ಗೆ ಮನೆಯವರು ಏನು ಹೇಳಿದರೂ, ನಮಗೆ ಇಷ್ಟವಿರಲಿ ಇಲ್ಲದಿರಲಿ, ಧ್ವನಿಮುದ್ರಣದ ಮೇಲೆ ಅದನ್ನು ಬರೆದಿಡಬೇಕು. ಇಲ್ಲವಾದರೆ ನಮಗೆ ಬೇಕಾದದ್ದನ್ನೇ ಇಟ್ಟು ಬೇಡದ್ದನ್ನು ಬಿಟ್ಟಂತಾಗುತ್ತದೆ. ಹಾಗೆ ಮಾಡಿದರೆ ಆ ಸಮಿತಿಗೂ ನಮಗೂ ವ್ಯತ್ಯಾಸವೇನು ಎಂದು ಹೊಸಬರಿಗೆ ಪಾಠ ಹೇಳಿಕೊಟ್ಟವಳೂ ನಾನೇ. ಸುಳ್ಳೆಂದು ಮಾತ್ರ ಬರೆಯಬೇಡಿ ಎಂದು ಅಜ್ಜಿ ನನ್ನಲ್ಲಿ ಕೇಳಿಕೊಂಡಿದ್ದರು. ಕೊನೆಗೆ ನನ್ನ ಕೈಯಾರೆ ಬರೆದೆ: 'ಹೇಳುವಾಗ ಇವರ ಮನಸ್ಸು ಸ್ತಿಮಿತದಲ್ಲಿ ಇರಲಿಲ್ಲ ಎಂದು ಮನೆಯವರ ಹೇಳಿಕೆ.' ಕಥೆ ಈಗ ತೆರೆದಿದೆ, ಯಾರು ಬೇಕಾದರೂ ಕೇಳಬಹುದು. ಕೇಳಲು ಬಂದವರು ಮೊದಲು ಓದುವುದು ಆ ಸಾಲನ್ನೇ.